ಹುಲ್ಲುಚೀಲದ ಆರೈಕೆ

ಅಮೆರಿಕದ ಒಹಾಯೋ, ಮಿಷಿಗನ್, ಇಲಿನಾಯ್ ಸಂಸ್ಥಾನಗಳ ಉಪನಗರಗಳಲ್ಲಿ ಮನೆಯ ಸುತ್ತ ಹುಲ್ಲುಹಾಸು ಇಲ್ಲದ ಗೃಹಸ್ಥ ಅಪರೂಪ. ಏಪ್ರಿಲ್ ತಿಂಗಳಲ್ಲಿ ನೆಲ ಹಸುರಾದಂದಿನಿಂದ ಅಕ್ಟೋಬರ್ ಕೊನೆಗೆ ಮೇಪಲ್ ಮರಗಳು ಎಲೆ ಉದುರಿಸುವ ತನಕ ಹೆಚ್ಚುಕಡಿಮೆ ವಾರಕ್ಕೊಮ್ಮೆ ಆ ಹುಲ್ಲನ್ನು ಕತ್ತರಿಸಲೇಬೇಕು. ವಿಶಾಲವಾದ ಅಂಗಳವುಳ್ಳವನು ನೂಕುವ ಯಂತ್ರವನ್ನು ಬಿಟ್ಟು, ಮೇಲೆ ಕುಳಿತು ನಡೆಸುವ ಯಂತ್ರವನ್ನು ಕೊಳ್ಳುತ್ತಾನೆ. ಕತ್ತರಿಸಿದ ಹುಲ್ಲು ಅಂಗಳದಲ್ಲಿ ಚೆಲ್ಲದಂತೆ ಅದರ ಬೆನ್ನಿಗೆ ಒಂದು ಜೊತೆ ಚೀಲಗಳನ್ನೂ ತಗುಲಿಸುತ್ತಾನೆ. ಈ ಉಪಕರಣಕ್ಕೆ ಅಲ್ಲಿಯವರು 'ಬ್ಯಾಗರ್' ಎಂದು ಹೆಸರಿಟ್ಟಿದ್ದಾರೆ. ಇಲ್ಲಿಂದ ಹೋಗಿ ಆ ಊರುಗಳಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೂ ಅದು ಈಗ ಪರಿಚಿತವಾದ ವಸ್ತು.

ಯಂತ್ರಕ್ಕೆ ಕಾಲಕಾಲಕ್ಕೆ ಎಣ್ಣೆ ಬದಲಾಯಿಸುವವರು, ಅಲಗು ಮಸೆಯಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಚೀಲವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಡೆಯ ದಿನದ ಹಸಿ ಹುಲ್ಲಿನ ಸಮೇತ ಅದನ್ನು ಮೂಲೆಗೆ ತಳ್ಳಿ, ಮುಂದಿನ ವಸಂತದಲ್ಲಿ ತೆರೆದು ನೋಡಿ ಮೂಗು ಮುಚ್ಚಿಕೊಳ್ಳುವುದು ಅನೇಕರ ಪರಿಪಾಠ. ಇದರಿಂದ ಚೀಲವೊಂದೇ ಕೆಡುವುದಾಗಿದ್ದರೆ ಹೆಚ್ಚಿನ ಚಿಂತೆ ಇರಲಿಲ್ಲ. ಈ ಅಲಕ್ಷ್ಯದಿಂದ ಕೈಬೆರಳಿಗೂ, ಕೆಲವೊಮ್ಮೆ ಮನೆಗೂ ಅಪಾಯವುಂಟು.

ಹುಲ್ಲು ಹಿಡಿಯುವ ಏರ್ಪಾಡು ಯಂತ್ರದಷ್ಟೇ ಹಳೆಯದು. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಪಟ್ಟಣದ ಬಳಿಯ ಥ್ರಪ್ ಎಂಬ ಊರಿನಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು ಮೊದಲ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಉಣ್ಣೆಬಟ್ಟೆಯ ಮೇಲಣ ಜುಂಗನ್ನು ಸಮನಾಗಿ ಕತ್ತರಿಸುತ್ತಿದ್ದ ಗಿರಣಿಯ ಯಂತ್ರವೇ ಅವನಿಗೆ ಮಾದರಿ. ಅವನ ಯಂತ್ರದಲ್ಲಿಯೇ ಹುಲ್ಲು ಮುಂದಕ್ಕೆ ಹಾರಿ ಒಂದು ತಟ್ಟೆಯೊಳಗೆ ಬೀಳುತ್ತಿತ್ತು. 1963ರಲ್ಲಿ ಜಾನ್ ಡಿಯರ್ ಕಂಪೆನಿಯು '110' ಎಂಬ ತೋಟದ ಟ್ರ್ಯಾಕ್ಟರನ್ನು ಹೊರತಂದ ಹೊತ್ತಿಗೆ, ಕುಳಿತು ನಡೆಸುವ ಯಂತ್ರಗಳು ಅಮೆರಿಕದ ಮನೆಗಳನ್ನು ಸೇರತೊಡಗಿದ್ದವು. ತಟ್ಟೆಯ ಸ್ಥಾನಕ್ಕೆ ಚೀಲ ಬಂದಿತು. ಮುಂದಿದ್ದುದು ಹಿಂದಕ್ಕೆ ಸರಿಯಿತು.

ಚೀಲದ ಉಸಿರಾಟ

ಈಗಿನ ಯಂತ್ರದ ಅಲಗು ನೆಲಕ್ಕೆ ಸಮಾನಾಂತರವಾಗಿ ಬೀಸಣಿಗೆಯಂತೆ ತಿರುಗುತ್ತದೆ. ಅದರ ತುದಿಯ ವೇಗ ನಿಮಿಷಕ್ಕೆ 19,000 ಅಡಿಗಳನ್ನು ಮೀರಬಾರದೆಂದು ಅಮೆರಿಕದ ಸುರಕ್ಷತಾ ಮಾನಕ ಮಿತಿ ಹಾಕಿದೆ ಎಂದರೆ ಆ ವೇಗ ಎಂತಹುದೆಂದು ಊಹಿಸಬಹುದು. ಅಲಗಿನ ಹಿಂಬದಿಯ ಅಂಚು ಮೇಲಕ್ಕೆ ಬಾಗಿರುವುದರಿಂದ ಕವಚದೊಳಗೆ ಬಿರುಗಾಳಿ ಏಳುತ್ತದೆ. ಆ ಗಾಳಿಯೇ ಹುಲ್ಲನ್ನು ನೆಟ್ಟಗೆ ನಿಲ್ಲಿಸುತ್ತದೆ. ಕತ್ತರಿಸಿದ್ದನ್ನು ಹೊತ್ತು ಕೊಳವೆಯ ಮೂಲಕ ಚೀಲಕ್ಕೆ ತಂದು ಸುರಿಯುತ್ತದೆ. ಚೀಲಕ್ಕೆ ಬಂದ ಮೇಲೆ ಹುಲ್ಲು ಒಳಗೆ ಉಳಿಯಬೇಕು, ಗಾಳಿ ಹೊರಗೆ ಹೋಗಬೇಕು. ಬಟ್ಟೆಯನ್ನು ಬಲೆಯಂತೆ ನೇಯ್ದಿರುವುದು ಅದಕ್ಕಾಗಿಯೇ. ಗಟ್ಟಿಯಾದ ಪ್ಲಾಸ್ಟಿಕ್ ಬುಟ್ಟಿಗಳಿರುವ ಮಾದರಿಗಳಲ್ಲಿ ಮುಚ್ಚಳದ ಜಾಲರಿ ಈ ಕೆಲಸವನ್ನು ಮಾಡುತ್ತದೆ.

ಹುಲ್ಲಿನ ರಸ ಮತ್ತು ನುಣ್ಣನೆಯ ಧೂಳು ಸೇರಿ ಬಲೆಯ ಕಣ್ಣುಗಳನ್ನು ಮುಚ್ಚಿದರೆ ಗಾಳಿಗೆ ಹೊರದಾರಿ ಇಲ್ಲದಾಗುತ್ತದೆ. ಹೊರಹೋಗಲಾರದ ಗಾಳಿ ಹೊಸ ಗಾಳಿಯನ್ನು ಒಳಕ್ಕೆ ಬಿಡದು. ಹುಲ್ಲು ಕೊಳವೆಯ ನಡುದಾರಿಯಲ್ಲಿಯೇ ನಿಂತು ಗಂಟು ಕಟ್ಟುತ್ತದೆ. ಚೀಲ ಅರ್ಧ ತುಂಬುವುದರೊಳಗೆ ಯಂತ್ರ ಹುಲ್ಲನ್ನು ನೆಲಕ್ಕೆ ಉಗುಳತೊಡಗುತ್ತದೆ. ಆಗ ಗೃಹಸ್ಥನು ಅಲಗು ಮೊಂಡಾಯಿತೆಂದೋ ಎಂಜಿನ್ ಸೊರಗಿತೆಂದೋ ಭಾವಿಸಿ ರಿಪೇರಿಯವನಿಗೆ ಹಣ ಸುರಿಯುತ್ತಾನೆ. ಔಷಧವಾದರೋ ಒಂದು ಬಕೀಟು ನೀರು ಮತ್ತು ಒಂದು ಬ್ರಷ್ಷಿನಲ್ಲಿ ಅಡಗಿರುತ್ತದೆ.

ಆದುದರಿಂದ ಪ್ರತಿಸಲ ಕೆಲಸ ಮುಗಿದೊಡನೆ ಚೀಲವನ್ನು ಬರಿದು ಮಾಡಿ, ತಲೆಕೆಳಗಾಗಿ ಕೊಡವಿ, ಒಳಮೈಯನ್ನು ಒಣ ಬ್ರಷ್ಷಿನಿಂದ ಉಜ್ಜತಕ್ಕದ್ದು. ತಿಂಗಳಿಗೊಮ್ಮೆ ತೊಳೆಯುವುದು ಮೇಲು. ತೊಳೆಯುವಾಗ ನೀರನ್ನು ಹೊರಮೈಯಿಂದ ಒಳಕ್ಕೆ ಹಾಯಿಸಬೇಕು. ಒಳಗಿನಿಂದ ಹಾಯಿಸಿದರೆ ಕಣ್ಣುಗಳಲ್ಲಿ ಸಿಕ್ಕಿದ ಕಸ ಇನ್ನಷ್ಟು ಬಿಗಿಯಾಗುತ್ತದೆ. ಸೌಮ್ಯವಾದ ಸಾಬೂನು ಸಾಕು. ಕ್ಷಾರಭರಿತ ಪುಡಿಗಳೂ ಅತಿ ರಭಸದ ನೀರಿನ ಯಂತ್ರಗಳೂ ನೂಲನ್ನು ಹಿಂಜುತ್ತವೆ. ತೊಳೆದ ಚೀಲವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ತೂಗುಹಾಕಬೇಕು. ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟ ಕೃತಕ ನೂಲು ಪೆಡಸಾಗಿ, ಕೊನೆಗೆ ಕೈಯಲ್ಲಿ ಹಿಡಿದರೆ ಹರಿಯುವಂತಾಗುತ್ತದೆ.

ಹುಲ್ಲು ಒದ್ದೆಯಾಗಿರುವಾಗ ಕತ್ತರಿಸದಿರುವುದು ಅರ್ಧ ಆರೈಕೆ. ಬೆಳಗಿನ ಇಬ್ಬನಿ ಆರುವ ತನಕ ಕಾಯಬೇಕು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ ಹುಲ್ಲಿಗೂ ಹಿತ, ಕೊಳವೆಗೂ ಹಿತ.

ಕೈಗೂ ಕಾಲಿಗೂ ಕಂಟಕ

ಕಟ್ಟಿಕೊಂಡ ಕೊಳವೆಯನ್ನು ಕಂಡೊಡನೆ ಕೈ ತಾನಾಗಿಯೇ ಒಳಗೆ ಹೋಗುತ್ತದೆ. ಅವಘಡಗಳು ಸಂಭವಿಸುವುದು ಇಲ್ಲಿಯೇ. ನೂಕುವ ಯಂತ್ರಗಳಲ್ಲಿ ಹಿಡಿಕೆಯನ್ನು ಬಿಟ್ಟ 3 ಸೆಕೆಂಡುಗಳೊಳಗೆ ಅಲಗು ನಿಲ್ಲಬೇಕೆಂದು ಅಮೆರಿಕದಲ್ಲಿ 1982ರಿಂದ ನಿಯಮವಿದೆ. ಮೂರು ಸೆಕೆಂಡು ಅಲ್ಪಕಾಲವೆಂದು ತೋರಬಹುದು. ಬೆರಳು ಹೋಗುವುದಕ್ಕೆ ಅಷ್ಟೂ ಬೇಕಾಗಿಲ್ಲ. ಕುಳಿತು ನಡೆಸುವ ಯಂತ್ರದಲ್ಲಿ ಮೊದಲು ಅಲಗಿನ ಸಂಪರ್ಕ ಬಿಡಿಸಿ, ಎಂಜಿನನ್ನು ಆರಿಸಿ, ಬೀಗದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಎಲ್ಲ ಸದ್ದೂ ಅಡಗಿದ ಮೇಲೆ ಕೆಳಗಿಳಿದು, ಒಂದು ಕೋಲಿನಿಂದ ಹುಲ್ಲನ್ನು ತಳ್ಳಬೇಕು. ಅಲಗಿನ ಹತ್ತಿರ ಕೆಲಸವಿದ್ದರೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನೂ ಕಳಚಬೇಕು. ಕೈಯನ್ನು ಉಪಯೋಗಿಸದಿರುವುದೇ ಲೇಸು.

ಚೀಲ ಹರಿದಿದ್ದರೆ ಹೊಲಿದು ಕಾಲ ತಳ್ಳುವ ಮನೋಭಾವವೂ ಸಲ್ಲದು. ಅಲಗಿಗೆ ಸಿಕ್ಕಿದ ಕಲ್ಲು, ತಂತಿಯ ತುಂಡು ಮೊದಲಾದವು ಹುಲ್ಲಿನ ಜೊತೆಗೇ ಹಾರಿ ಬರುತ್ತವೆ. ಅವನ್ನು ತಡೆಯುವ ಗುರಾಣಿ ಚೀಲವೇ. ಸವೆದು ಹರಿದ ಚೀಲವನ್ನು ಬದಲಾಯಿಸತಕ್ಕದ್ದು, ಅದೂ ಆ ಯಂತ್ರಕ್ಕೆಂದೇ ತಯಾರಾದ ಚೀಲದಿಂದ.

ಇನ್ನು ಭಾರದ ಮಾತು. ಹಸಿ ಹುಲ್ಲಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ತುಂಬಿದ ಚೀಲಗಳು ಹಿಂಗಾಲಿಯ ಹಿಂದೆ ತೂಗುವುದರಿಂದ ಮುಂಗಾಲಿಗಳು ಹಗುರವಾಗಿ, ಚಕ್ರ ತಿರುಗಿಸಿದರೂ ಯಂತ್ರ ತಿರುಗದಂತಾಗಬಹುದು. ಇದನ್ನು ಸರಿದೂಗಿಸಲು ಮುಂಭಾಗದಲ್ಲಿ ಕಬ್ಬಿಣದ ಭಾರ ಕಟ್ಟುವ ಪದ್ಧತಿಯುಂಟು. ಚೀಲ ಕಳಚಿದಾಗ ಆ ಭಾರವನ್ನೂ ಕಳಚಬೇಕೆಂದು ಅನೇಕ ಕೈಪಿಡಿಗಳು ಹೇಳುತ್ತವೆ. ಇಳಿಜಾರಿನಲ್ಲಿ ಚೀಲ ತುಂಬುವ ಮೊದಲೇ ಬರಿದು ಮಾಡುವುದು ಜಾಣತನ. ಕುಳಿತು ನಡೆಸುವ ಯಂತ್ರ ಅಡ್ಡಡ್ಡಲಾಗಿ ಹೋದರೆ ಮಗುಚುವ ಭಯವಿರುವುದರಿಂದ, ಮೇಲಿನಿಂದ ಕೆಳಕ್ಕೆ ನೇರವಾಗಿ ನಡೆಸಬೇಕು. ತೀರ ಕಡಿದಾದ ಕಡೆಗೆ ಅದನ್ನು ಒಯ್ಯಲೇಬಾರದು.

ಹಸಿಹುಲ್ಲಿನ ಬಿಸಿ

ಬಣವೆ ಒಟ್ಟುವ ರೈತನಿಗೆ ಈ ಸಂಗತಿ ಹೊಸದಲ್ಲ. ಸರಿಯಾಗಿ ಒಣಗದ ಹುಲ್ಲನ್ನು ಒತ್ತೊತ್ತಾಗಿ ಪೇರಿಸಿದರೆ ಒಳಗೆ ಕಾವು ಹುಟ್ಟುತ್ತದೆ. ಕಣ್ಣಿಗೆ ಕಾಣದ ಅಣುಜೀವಿಗಳು ತೇವದಲ್ಲಿ ವೃದ್ಧಿಯಾಗಿ ಹುಲ್ಲನ್ನು ಕೊಳೆಯಿಸುವಾಗ ಬಿಸಿಯನ್ನು ಹೊರಬಿಡುತ್ತವೆ. ಬಿಸಿ ಸುಮಾರು 70 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಆದರೆ ದೊಡ್ಡ ರಾಶಿಯಲ್ಲಿ ಆ ಬಳಿಕವೂ ರಾಸಾಯನಿಕ ಕ್ರಿಯೆ ಮುಂದುವರಿದು, ಯಾರೂ ಕಡ್ಡಿ ಗೀರದೆಯೇ ಹುಲ್ಲು ಹೊತ್ತಿಕೊಳ್ಳುವುದುಂಟು.

ಒಂದು ಚೀಲದಷ್ಟು ಹುಲ್ಲು ಬಣವೆಯಂತೆ ತಾನಾಗಿ ಉರಿಯುವ ಸಂಭವ ಕಡಿಮೆ. ಆದರೆ ಅದು ಬಿಸಿಯಾಗಿ, ಹುಳಿತು, ಬೂಷ್ಟು ಹಿಡಿದು, ಬಟ್ಟೆಯನ್ನು ಕೊಳೆಯಿಸಿ, ಚೌಕಟ್ಟಿನ ಕಬ್ಬಿಣಕ್ಕೆ ತುಕ್ಕು ತರುವುದು ಖಂಡಿತ. ಬೆಂಕಿಯ ನಿಜವಾದ ಭಯ ಬರುವುದು ಶರತ್ಕಾಲದಲ್ಲಿ. ಅಕ್ಟೋಬರಿನಲ್ಲಿ ಚೀಲಕ್ಕೆ ಬೀಳುವುದು ತರಗೆಲೆ. ಎಂಜಿನಿನ ಹೊಗೆಕೊಳವೆಯ ಸುತ್ತ ಆ ಎಲೆಯ ಚೂರುಗಳು ಸಿಕ್ಕಿಕೊಂಡಿರುತ್ತವೆ. ಇನ್ನೂ ಕಾದಿರುವ ಯಂತ್ರವನ್ನು ತುಂಬಿದ ಚೀಲದ ಸಮೇತ ಮನೆಗೆ ಅಂಟಿದ ಗ್ಯಾರೇಜಿನೊಳಕ್ಕೆ ನುಗ್ಗಿಸಿ ಬಾಗಿಲು ಹಾಕಿದರೆ, ಕಾವು, ಪೆಟ್ರೋಲು, ಒಣ ಎಲೆ ಮೂರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದಂತೆ. ಚೀಲವನ್ನು ಹೊರಗೆ ಬರಿದು ಮಾಡಿ, ಎಂಜಿನಿನ ಸುತ್ತಲ ಕಸ ಗುಡಿಸಿ, ಯಂತ್ರ ತಣ್ಣಗಾದ ಮೇಲೆಯೇ ಒಳಗೆ ಸೇರಿಸತಕ್ಕದ್ದು.

ಹುಲ್ಲನ್ನು ಎಸೆಯುವುದೆಲ್ಲಿ ಎಂಬ ಪ್ರಶ್ನೆಗೂ ಉತ್ತರ ಬೇಕು. ಇಲಿನಾಯ್ ಸಂಸ್ಥಾನದಲ್ಲಿ 1990ರಿಂದ ತೋಟದ ಕಸವನ್ನು ಊರ ಕಸದ ಗುಂಡಿಗಳಿಗೆ ಹಾಕುವಂತಿಲ್ಲ. ಹುಲ್ಲನ್ನು ಒಣ ಎಲೆಯೊಡನೆ ಪದರಪದರವಾಗಿ ಬೆರೆಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಹಸಿ ಹುಲ್ಲನ್ನೇ ಗುಡ್ಡೆ ಹಾಕಿದರೆ ನಾರುವ ಮುದ್ದೆಯಾಗುತ್ತದೆ. ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ಮಾತ್ರ ತರಕಾರಿ ಪಾತಿಗಳಿಗೆ ಹರಡಲಾಗದು. ಹುಲ್ಲು ಗಿಡ್ಡವಾಗಿ ಒಣಗಿರುವ ದಿನಗಳಲ್ಲಿ ಚೀಲ ತೆಗೆದಿಟ್ಟು, ಕತ್ತರಿಸಿದ್ದನ್ನು ನೆಲದಲ್ಲಿಯೇ ಬಿಡುವುದೂ ಉಚಿತ. ಹುಲ್ಲುಹಾಸಿಗೆ ಬೇಕಾದ ಸಾರಜನಕದ ಸುಮಾರು ಕಾಲು ಭಾಗ ಅದರಿಂದಲೇ ಹಿಂದಿರುಗುತ್ತದೆ.

ಚಳಿಗಾಲದ ವಿಶ್ರಾಂತಿ

ವರ್ಷದ ಕೊನೆಯ ಕೊಯ್ಲು ಮುಗಿದ ಮೇಲೆ ಚೀಲವನ್ನು ಚೌಕಟ್ಟಿನಿಂದ ಪೂರ್ತಿಯಾಗಿ ಬಿಡಿಸಿ ತೊಳೆದು, ಎರಡು ಮೂರು ದಿನ ಚೆನ್ನಾಗಿ ಒಣಗಿಸಬೇಕು. ಮೇಲೆ ಒಣಗಿದಂತೆ ಕಂಡರೂ ಹೊಲಿಗೆಯ ಮಡಿಕೆಗಳಲ್ಲಿ ತೇವ ಉಳಿದಿರುತ್ತದೆ, ಬೆರಳಿಟ್ಟು ಪರೀಕ್ಷಿಸಬೇಕು. ಕೊಳವೆಯ ಒಳಗಿನ ಹಸುರು ಹೆಪ್ಪನ್ನು ಮರದ ಚಕ್ಕೆಯಿಂದ ಕೆರೆದು ತೆಗೆದು, ಬಿರುಕುಗಳಿವೆಯೇ ಎಂದು ನೋಡಬೇಕು. ಚೌಕಟ್ಟಿನ ಬಣ್ಣ ಎದ್ದ ಕಡೆ ತುಕ್ಕನ್ನು ಉಜ್ಜಿ ಹೊಸ ಬಣ್ಣ ಬಳಿಯುವುದು, ಕೀಲುಗಳಿಗೂ ಚಿಲಕಗಳಿಗೂ ಒಂದೊಂದು ಹನಿ ಎಣ್ಣೆ ಬಿಡುವುದು, ಗಾಳಿ ನೂಕುವ ಬೇರೆ ಬೀಸಣಿಗೆ ಇದ್ದರೆ ಅದರ ಬೆಲ್ಟನ್ನು ಸಡಿಲಿಸಿ ಬಿರಿದಿದೆಯೇ ಎಂದು ಪರೀಕ್ಷಿಸುವುದು, ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ಬಿಚ್ಚಿದ ಮೊಳೆ, ತಿರುಪುಗಳನ್ನು ಒಂದು ಸಣ್ಣ ಬಟ್ಟೆಯ ಸಂಚಿಯಲ್ಲಿ ಹಾಕಿ ಚೌಕಟ್ಟಿಗೇ ಕಟ್ಟಿದರೆ ವಸಂತದಲ್ಲಿ ಹುಡುಕಾಟ ತಪ್ಪುತ್ತದೆ.

ಒಣಗಿದ ಚೀಲವನ್ನು ಮಡಿಸಿ ನೆಲದ ಮೇಲೆ ಇಡಬಾರದು. ನೆಲದಿಂದ ತೇವ ಏರುತ್ತದೆ. ಅದಕ್ಕಿಂತ ಮಿಗಿಲಾಗಿ, ಹೊರಗೆ ಹಿಮ ಬೀಳುವಾಗ ಬೆಚ್ಚನೆಯ ಆಶ್ರಯ ಹುಡುಕುವ ಇಲಿಗಳಿಗೆ ಹುಲ್ಲಿನ ವಾಸನೆಯ ಚೀಲವೇ ಅರಮನೆ. ಒಂದು ರಾತ್ರಿಯಲ್ಲಿ ಅವು ಕೊರೆಯುವ ರಂಧ್ರಕ್ಕೆ ಹೊಸ ಚೀಲದ ಬೆಲೆ ತೆರಬೇಕಾಗುತ್ತದೆ. ತೊಲೆಗೆ ಕೊಕ್ಕೆ ಹಾಕಿ, ಬಾಯಿ ಕೆಳಗಾಗುವಂತೆ, ಗೋಡೆಗೆ ತಾಗದಂತೆ ತೂಗುಬಿಟ್ಟರೆ ಇಲಿಯ ಕಾಟವೂ ಕಡಿಮೆ, ಗಾಳಿಯೂ ಧಾರಾಳ. ಕೊರೆಯುವ ಚಳಿಯಲ್ಲಿ ಪ್ಲಾಸ್ಟಿಕ್ ಪೆಡಸಾಗುವುದರಿಂದ ಕೊಳವೆಯ ಮೇಲೆ ಭಾರವಾದ ಸಾಮಾನು ಹೇರಬಾರದು.

ಮರಳಿ ಏಪ್ರಿಲ್ ಬಂದಾಗ ಯಂತ್ರಕ್ಕೆ ತಗುಲಿಸುವ ಮೊದಲು ಮಾಡಬೇಕಾದ ಪರೀಕ್ಷೆ ಬಹಳ ಸುಲಭ. ಚೀಲವನ್ನು ಎತ್ತಿ ಸೂರ್ಯನಿಗೆ ಅಡ್ಡ ಹಿಡಿಯಬೇಕು. ಬಲೆಯ ಕಣ್ಣುಗಳಿಂದ ಬೆಳಕು ಎಲ್ಲ ಕಡೆಯೂ ಸಮನಾಗಿ ಸೋಸಿ ಬಂದರೆ ಗಾಳಿಗೂ ದಾರಿಯಿದೆ ಎಂದು ತಿಳಿಯಬಹುದು. ಎಲ್ಲಾದರೂ ಕಪ್ಪು ಕಂಡರೆ ಅಲ್ಲಿ ಬ್ರಷ್ಷಿಗೆ ಕೆಲಸವಿದೆ. ಎಲ್ಲಾದರೂ ಬೆಳಕು ರೂಪಾಯಿಯಷ್ಟು ಅಗಲವಾಗಿ ಬಿದ್ದರೆ ಆ ಚೀಲದ ಆಯುಷ್ಯ ಮುಗಿದಿದೆ.