ಹಳೆಯ ದೀಪಕ್ಕೆ ಹೊಸ ದೀಪ

2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಮ್ಮ ಹಿರಿಯೂರಿನಲ್ಲಿ ಹಬ್ಬದ ಸಂಭ್ರಮ. 1933ರ ನಂತರ, 89 ವರ್ಷ ಕಳೆದು ತುಂಬಿ ಹರಿಯುತ್ತಿದ್ದ ಮಾರಿಕಣಿವೆಯನ್ನು ನೋಡಲು ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಯಿಂದಲೂ ಜನ ಬಂದರು. ನಾವೂ ಮಕ್ಕಳನ್ನು ಕರೆದುಕೊಂಡು ಹೋದೆವು. ಸಂಜೆ ಮನೆಗೆ ಮರಳಿ ಹಿಂದಿನ ಕೋಣೆಯ ಬಾಗಿಲು ತೆರೆದಾಗ ಸಂಭ್ರಮವೆಲ್ಲ ಇಳಿದು ಹೋಯಿತು. ಮಾಳಿಗೆ ಸೋರಿ ನೆಲದ ಮೇಲೆ ನೀರು ನಿಂತಿತ್ತು. ಮೂಲೆಯಲ್ಲಿದ್ದ ಭಾಯ್‌ಜಾನ್‌ರ ಕಬ್ಬಿಣದ ಟ್ರಂಕಿನ ತಳ ಯಾವಾಗಲೋ ತುಕ್ಕು ಹಿಡಿದು ತೂತಾಗಿತ್ತು.

ಆ ಟ್ರಂಕಿನ ತುಂಬಾ ಚಿತ್ರಕಥೆಗಳು. ನಮ್ಮ ಅಬ್ಬಾ ಬಸ್ ಕಂಡಕ್ಟರ್ ಆಗಿದ್ದರು. ಬೆಂಗಳೂರಿಗೆ ಡ್ಯೂಟಿ ಬಿದ್ದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಿಂದ ಎರಡೋ ಮೂರೋ ತರುತ್ತಿದ್ದರು. ಅಮರ ಚಿತ್ರಕಥೆ, ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್, ಚಂದಮಾಮ, ಬಾಲಮಂಗಳ ಎಲ್ಲವೂ ಇದ್ದವು. (ಚಿತ್ರಗಳ ಬಗ್ಗೆ ನನ್ನ ಉಸ್ತಾದರ ಅಭಿಪ್ರಾಯ ಬೇರೆಯೇ ಇತ್ತು. ಅಬ್ಬಾ ನಕ್ಕು ಸುಮ್ಮನಾಗುತ್ತಿದ್ದರು.) ನಾನು ಕನ್ನಡ ಸರಾಗವಾಗಿ ಓದಲು ಕಲಿತದ್ದು ಶಾಲೆಯಲ್ಲಲ್ಲ, ಆ ಪುಸ್ತಕಗಳಿಂದ. 1999ರಲ್ಲಿ ಭಾಯ್‌ಜಾನ್ ದಮ್ಮಾಮ್‌ಗೆ ಹೊರಟಾಗ ಟ್ರಂಕಿನ ಬೀಗದ ಕೈ ನನ್ನ ಕೈಗಿಟ್ಟು, "ಮುನ್ನಿ, ಇದು ನಿನ್ನ ಬಳಿ ಅಮಾನತ್" ಎಂದಿದ್ದರು.

ಅಮಾನತ್ತಿನ ಬಗ್ಗೆ ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವವಳು ನಾನು. ಆದರೆ ಇಪ್ಪತ್ತಮೂರು ವರ್ಷ ಆ ಟ್ರಂಕನ್ನು ಬರಿ ನೆಲದ ಮೇಲೆ, ಗೋಡೆಗೆ ತಾಗಿಸಿ ಇಟ್ಟಿದ್ದೆ. ಒಳಗೆ ಏನೇನಿದೆ ಎಂಬ ಪಟ್ಟಿಯೂ ನನ್ನಲ್ಲಿರಲಿಲ್ಲ. ಒದ್ದೆಯಾಗಿ ಮುದ್ದೆಯಾಗಿದ್ದ ತಳದ ಪುಸ್ತಕಗಳನ್ನು ಮರುದಿನ ಗೋಣಿಚೀಲಕ್ಕೆ ತುಂಬಿ ಹೊರಗೆ ಹಾಕಿದೆ. ಉಳಿದವನ್ನು ಬಿಸಿಲಿಗೆ ಹರವಿದೆ. ಎರಡೂ ತಪ್ಪು ಎಂದು ಆಮೇಲೆ ತಿಳಿಯಿತು.

ವಾರದ ನಂತರ ಭಾಯ್‌ಜಾನ್‌ಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಕನ್ನಡದ ಅಲ್ಲಾದೀನ ಇದೆಯಾ?" ಎಂದಷ್ಟೇ ಕೇಳಿದರು.

ಅಮರ ಚಿತ್ರಕಥೆ ಎಂದರೆ ಮುಂಬೈ, ಇಂಗ್ಲಿಷ್, ಅನಂತ ಪೈ ಎಂದು ನಾವು ತಿಳಿದಿದ್ದೇವೆ. ಕಾರ್ಕಳದಲ್ಲಿ ಹುಟ್ಟಿದ ಪೈ ಅವರೇ ಅದನ್ನು ಬೆಳೆಸಿದವರು, ನಿಜ. ಆದರೆ ಅದರ ಮೊದಲ ಹತ್ತು ಸಂಚಿಕೆಗಳು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ. ಕೆ. ಅನಂತರಾಮ್ ಅವರ ಯೋಚನೆಯಿಂದ ವಿದೇಶಿ ಮಕ್ಕಳ ಕಥೆಗಳು ಕನ್ನಡಕ್ಕೆ ಬಂದವು. ಸಿಂಡ್ರೆಲ್ಲಾ, ಸ್ನೋ ವೈಟ್, ಅಲ್ಲಾದೀನ ಮುಂತಾದವು. ಆಮೇಲೆ ಬಂದ ಇಂಗ್ಲಿಷಿನ 'ಕೃಷ್ಣ'ಕ್ಕೆ 11ನೇ ಸಂಖ್ಯೆ ಬಿದ್ದದ್ದು ಇದೇ ಕಾರಣಕ್ಕೆ. ಆ ಹತ್ತರಲ್ಲಿ ಒಂದು ನಮ್ಮ ಟ್ರಂಕಿನ ತಳದಲ್ಲಿತ್ತು. ಅದು ಗೋಣಿಚೀಲದಲ್ಲಿ ಹೋಗಿತ್ತು. ಆ ಕಥೆಯಲ್ಲಿ ಹಳೆಯ ದೀಪ ಕೊಟ್ಟು ಹೊಸ ದೀಪ ತೆಗೆದುಕೊಳ್ಳುವ ರಾಜಕುಮಾರಿಯನ್ನು ಕಂಡು ಚಿಕ್ಕಂದಿನಲ್ಲಿ ನಾನು ಎಷ್ಟು ನಗುತ್ತಿದ್ದೆ!

ಸಹೋದರಿಯರೇ, ಮನೆಯಿಂದ ರದ್ದಿಗೆ ಏನು ಹೋಗಬೇಕು, ಏನು ಉಳಿಯಬೇಕು ಎಂದು ತೀರ್ಮಾನಿಸುವವರು ಬಹುಮಟ್ಟಿಗೆ ನಾವೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತಾಯಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುತ್ತಿದ್ದ ಮೂವರು ಮಕ್ಕಳಿಗೆ ಅಟ್ಟದ ಮೇಲೆ, ಹಳೆ ಪತ್ರಿಕೆಗಳ ಅಡಿಯಲ್ಲಿ 1939ರ ಸೂಪರ್‌ಮ್ಯಾನ್ ಮೊದಲ ಸಂಚಿಕೆ ಸಿಕ್ಕಿತು. 2025ರ ನವೆಂಬರ್‌ನಲ್ಲಿ ಅದು 91 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 80 ಕೋಟಿ ರೂಪಾಯಿ. ನಮ್ಮ ಕನ್ನಡದ ಪುಸ್ತಕಗಳಿಗೆ ಅಂಥ ಬೆಲೆ ಬರುತ್ತದೆಂದು ಹೇಳುತ್ತಿಲ್ಲ. ಆ ತಾಯಿ ಅದನ್ನು ರದ್ದಿಗೆ ಹಾಕಲಿಲ್ಲ, ಅಷ್ಟೇ. ಇಂದ್ರಜಾಲ 1990ರಲ್ಲಿ ನಿಂತಿತು, ಚಂದಮಾಮ 2013ರಲ್ಲಿ. ಇನ್ನು ಅವು ಹೊಸದಾಗಿ ಅಚ್ಚಾಗಿ ಬರುವುದಿಲ್ಲ.

ನಮ್ಮ ಜಿಲ್ಲೆಯ ಒಣ ಹವೆ ಕಾಗದಕ್ಕೆ ಒಳ್ಳೆಯದೇ. ಕರಾವಳಿಯವರಿಗಿರುವ ಬೂಷ್ಟಿನ ಕಾಟ ನಮಗೆ ಅಷ್ಟಿಲ್ಲ. ನಮ್ಮ ಶತ್ರುಗಳು ಗೆದ್ದಲು, ಧೂಳು, ಬಿಸಿಲು. ಟ್ರಂಕನ್ನಾಗಲಿ ಪೆಟ್ಟಿಗೆಯನ್ನಾಗಲಿ ಇಟ್ಟಿಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ತಗಡಿನ ಮಾಡಿನ ಕೋಣೆಯಲ್ಲಿ, ಅಟ್ಟದಲ್ಲಿ ಇಡಬೇಡಿ. ಅಲ್ಲಿ ಬೇಸಿಗೆಯ ಕಾವಿಗೆ ಅಗ್ಗದ ಕಾಗದ ಹಳದಿಯಾಗಿ, ಹಪ್ಪಳದಂತೆ ಮುರಿಯುತ್ತದೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸುವುದು, ಲ್ಯಾಮಿನೇಶನ್ ಮಾಡಿಸುವುದು, ರಬ್ಬರ್ ಬ್ಯಾಂಡ್ ಹಾಕುವುದು ಇವೆಲ್ಲ ಉಪಕಾರವಲ್ಲ, ಅಪಕಾರ. ಪ್ಲಾಸ್ಟಿಕ್ ಕವರು ಹಾಕುವುದಾದರೆ ವಾಸನೆ ಬರುವ ಪಿ.ವಿ.ಸಿ. ಬೇಡ, ಪಾಲಿಪ್ರೊಪಿಲೀನ್ ಎಂದು ಕೇಳಿ ತನ್ನಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ತೆರೆದು ನೋಡಿ.

ಒದ್ದೆಯಾದರೆ? ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ, ತಡ ಮಾಡುವಂತಿಲ್ಲ. ಬಿಸಿಲು ಬೇಡ, ನೆರಳಲ್ಲಿ ಫ್ಯಾನ್ ಗಾಳಿಗೆ ಇಡಿ. ಪುಟಗಳ ನಡುವೆ ಬಿಳಿ ಕಾಗದ ಇಟ್ಟು ಬದಲಾಯಿಸುತ್ತಿರಿ. ಬಹಳ ಪುಸ್ತಕಗಳಿದ್ದು ಕೈ ಸಾಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿಡಿ. ಹೆಪ್ಪುಗಟ್ಟಿದ ಪುಸ್ತಕಕ್ಕೆ ಬೂಷ್ಟು ಬರುವುದಿಲ್ಲ, ಪುರಸೊತ್ತಿನಲ್ಲಿ ಒಂದೊಂದೇ ತೆಗೆದು ಒಣಗಿಸಬಹುದು. ನನ್ನ ಅಲ್ಲಾದೀನ ಹಾಗೆ ಉಳಿಯಬಹುದಿತ್ತು.

ಇನ್ನು ವಿಮೆ. "ವಿಮೆ ಮಾಡಿಸಿದ್ದರೆ ದುಡ್ಡಾದರೂ ಬರುತ್ತಿತ್ತಲ್ಲ" ಎಂದು ಹೊಳಲ್ಕೆರೆಯ ನನ್ನ ಖಾಲಾ ಹೇಳಿದರು. ವಿಮೆಯ ಬಗ್ಗೆ ನಮ್ಮಲ್ಲಿ ಎರಡು ಮಾತಿದೆ. 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು ನಿಗದಿತ ಕಂತಿನ ವ್ಯಾಪಾರಿ ವಿಮೆ ನಿಷಿದ್ಧವೆಂದೂ, ಪರಸ್ಪರ ಸಹಕಾರದ ವಿಮೆ ಸರಿಯೆಂದೂ ಹೇಳಿತು. ಅಂಥ ತಕಾಫುಲ್ ಕಂಪೆನಿ ನಮ್ಮ ದೇಶದಲ್ಲಿಲ್ಲ. ಬೆಂಕಿ, ಗಲಭೆಗಳ ಭಯವಿರುವಲ್ಲಿ ಅನಿವಾರ್ಯತೆ ನೋಡಿ ಅವಕಾಶ ಕೊಟ್ಟ ಉಲಮಾಗಳೂ ಇದ್ದಾರೆ. ನಾನು ಫತ್ವಾ ಕೊಡುವವಳಲ್ಲ. ನಿಮಗೆ ನಂಬಿಕೆಯಿರುವ ಆಲಿಮರನ್ನು ಕೇಳಿ. ಆದರೆ ಮಾಡಿಸುವವರು ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿದೇ ಮಾಡಿಸಬೇಕು.

2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಮನೆ ವಿಮೆ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಪ್ರವಾಹ, ಗಲಭೆ ಮುಂತಾದವುಗಳಿಂದ ಆಗುವ ನಷ್ಟ ಅದರಲ್ಲಿ ಬರುತ್ತದೆ. ಮನೆ ಸಾಮಾನೂ ಸೇರುತ್ತದೆ. ಆದರೆ ಸಾಮಾನ್ಯ ಸಾಮಾನಿನ ಲೆಕ್ಕದಲ್ಲಿ ಹಳೆಯ ಅಪರೂಪದ ಪುಸ್ತಕವೂ ಬರಿಯ ಪುಸ್ತಕವೇ. ಅದಕ್ಕೆ ಹೆಚ್ಚಿನ ಬೆಲೆ ಬೇಕೆಂದರೆ ಬೆಲೆಬಾಳುವ ವಸ್ತುಗಳಿಗೆಂದೇ ಇರುವ ಹೆಚ್ಚುವರಿ ರಕ್ಷಣೆಯಲ್ಲಿ, ಮೊದಲೇ ಒಪ್ಪಿಕೊಂಡ ಬೆಲೆಗೆ, ಹೆಸರಿಸಿ ಬರೆಸಬೇಕು. ಕಾಮಿಕ್ಸನ್ನು ಅದರಲ್ಲಿ ಸೇರಿಸುತ್ತಾರೆಯೇ ಎಂದು ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಬರಹದಲ್ಲಿ ಪಡೆಯಿರಿ. ಒಟ್ಟು 5 ಲಕ್ಷ, ಒಂದು ವಸ್ತುವಿಗೆ 1 ಲಕ್ಷದವರೆಗೆ ಮೌಲ್ಯಮಾಪಕರ ಪ್ರಮಾಣಪತ್ರ ಬೇಕಿಲ್ಲ. ಹಸ್ತಪ್ರತಿ, ದಾಖಲೆಪತ್ರ, ನಾಣ್ಯಗಳು ವಿಶೇಷವಾಗಿ ಬರೆಸದಿದ್ದರೆ ಸೇರುವುದಿಲ್ಲ. ಕಳ್ಳತನಕ್ಕೆ ಪ್ರತ್ಯೇಕ ಪಾಲಿಸಿ ಬೇಕು. ಇದರಲ್ಲಿರುವುದು ಬೆಂಕಿ, ಪ್ರವಾಹದಂಥ ಅನಾಹುತವಾದ 7 ದಿನದೊಳಗೆ, ಅದರಿಂದಾಗಿ ನಡೆದ ಕಳ್ಳತನ ಮಾತ್ರ. ಗೆದ್ದಲು ತಿಂದದ್ದಕ್ಕೆ, ತಾನಾಗಿ ಹಳದಿಯಾದದ್ದಕ್ಕೆ ಯಾರೂ ಕಾಸು ಕೊಡುವುದಿಲ್ಲ. ನಾವು ರದ್ದಿಗೆ ಹಾಕಿದ್ದಕ್ಕಂತೂ ಇಲ್ಲವೇ ಇಲ್ಲ.

ವಿಮೆ ಇರಲಿ ಬಿಡಲಿ, ಪಟ್ಟಿಯೊಂದು ಬೇಕೇ ಬೇಕು. ನಾನು ಶಾಲೆಯ ನೋಟ್‌ಬುಕ್ಕಿನಲ್ಲಿ ಹೆಸರು, ಸಂಚಿಕೆ ಸಂಖ್ಯೆ, ವರ್ಷ, ಭಾಷೆ, ಪುಸ್ತಕದ ಸ್ಥಿತಿ ಎಂದು ಗೆರೆ ಎಳೆದು ಬರೆದೆ. ಮಗಳು ಮೊಬೈಲಿನಲ್ಲಿ ಮುಂದಿನ ರಕ್ಷಾಪುಟ, ಹಿಂದಿನ ರಕ್ಷಾಪುಟ, ಬೆಲೆ ಅಚ್ಚಾದ ಪುಟ ಮೂರನ್ನೂ ತೆಗೆದು ದಮ್ಮಾಮ್‌ಗೆ ಕಳಿಸಿದಳು. ಮನೆಗೆ ಏನಾದರೂ ಆದರೆ ಪಟ್ಟಿಯೂ ಜೊತೆಯಲ್ಲೇ ಹೋಗಬಾರದಲ್ಲ. ಉಳಿದವು 163.

2023ರಲ್ಲಿ ಭಾಯ್‌ಜಾನ್ ರಜೆಗೆ ಬಂದಾಗ ನೋಟ್‌ಬುಕ್ಕನ್ನೂ ಬೀಗದ ಕೈಯನ್ನೂ ಅವರ ಮುಂದಿಟ್ಟೆ. ಪಟ್ಟಿಯನ್ನು ಪೂರ್ತಿ ಓದಿದರು. ಕೊನೆಯ ಪುಟದಲ್ಲಿ, ನೆನಪಿನಿಂದ ನಾನು ಬರೆದಿದ್ದ 'ಹೋದವು' ಎಂಬ ತಲೆಬರಹದ ಕೆಳಗೆ, ಇನ್ನೂ ಐದು ಹೆಸರುಗಳನ್ನು ತಾವೇ ಸೇರಿಸಿದರು. ಆಮೇಲೆ ಬೀಗದ ಕೈಯನ್ನು ನನ್ನ ಕಡೆಗೇ ಸರಿಸಿ, "ಚಹಾ ಮಾಡು ಮುನ್ನಿ" ಎಂದು ಒಂದು ಫ್ಯಾಂಟಮ್ ಹಿಡಿದು ಕಿಟಕಿಯ ಬಳಿ ಕುಳಿತರು.