ಮಹಲು ವೈಸರಾಯನಿಗೆ, ಬಿಲ್ಲು ಮೈಸೂರಿಗೆ!



ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗೆ ನಿಂತಿರುವ ಲಲಿತ ಮಹಲನ್ನು ನೀವು ದೂರದಿಂದ ನೋಡಿದ್ದೀರಿ. ಒಳಗೆ ಕಾಲಿಟ್ಟಿದ್ದೀರಾ? ನಮ್ಮಲ್ಲಿ ಬಹುಮಂದಿ ಗೇಟಿನಾಚೆ ನಿಂತು ಫೋಟೋ ತೆಗೆಸಿಕೊಂಡು ಬಂದವರೇ!

ಅಲ್ಲಿ ಸಮ್ಮೇಳನವೋ ಔತಣವೋ ಏರ್ಪಾಟಾದರೆ ಅತಿಥಿಗಳಿಗೆ ಹೇಳುವ ಕಥೆ ಯಾವುದು? ಲಂಡನ್ನಿನ ಸಂತ ಪಾಲರ ಕೆಥೆಡ್ರಲ್ ಮಾದರಿಯ ಗುಮ್ಮಟ, ಇಟಲಿಯ ಅಮೃತಶಿಲೆಯ ಮೆಟ್ಟಿಲು, ನೃತ್ಯಶಾಲೆ, ವೈಸರಾಯ್ ದೊರೆ! ಇದರಲ್ಲಿ ಸುಳ್ಳಿಲ್ಲ. ಚೆಲುವಿನ ಬಗ್ಗೆ ನಮಗೆ ತಕರಾರೂ ಇಲ್ಲ. ಆದರೆ ಇದು ಅರ್ಧ ಕಥೆ ಮಾತ್ರ.

ಉಳಿದರ್ಧ ಕೇಳಿ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಈ ಮಹಲಿನ ಕೆಲಸ ಆರಂಭಿಸಿದರು. ನಕ್ಷೆ ಮುಂಬಯಿಯ ಶಿಲ್ಪಿ ಫ್ರಿಚ್ಲಿಯದು. ಆಗ ಮೈಸೂರು ಸಂಸ್ಥಾನ ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ ಕಟ್ಟುತ್ತಿತ್ತು. ಕಪ್ಪವೂ ನಮ್ಮದೇ, ಕಪ್ಪ ಪಡೆಯುವವನು ಮಲಗಲು ಮಹಲೂ ನಮ್ಮದೇ! ಎರಡಕ್ಕೂ ದುಡ್ಡು ಬಂದದ್ದು ಈ ನೆಲದ ರೈತನ ಕಂದಾಯ ತುಂಬಿದ ಬೊಕ್ಕಸದಿಂದ.

ಅದೇ ದೊರೆಯ ಕಾಲದಲ್ಲಿ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು, ಕಾವೇರಿಗೆ ಕನ್ನಂಬಾಡಿ ಕಟ್ಟೆ ಎದ್ದಿತು. ವೈಸರಾಯನ ಹಾಸಿಗೆಯ ಕಥೆ ಹೇಳುವ ಬಾಯಿಗೆ ಇವುಗಳ ಹೆಸರು ಭಾರವೇ?

ನಾಡಿಗೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಮರುವರ್ಷವೇ ಮಹಲು ಹೋಟೆಲಾಯಿತು, ಕೇಂದ್ರದ ಪ್ರವಾಸೋದ್ಯಮ ನಿಗಮದ ಕೈ ಸೇರಿತು. 2018ರಲ್ಲಿ ಅದು ರಾಜ್ಯ ಸರ್ಕಾರಕ್ಕೆ ಮರಳಿದೆ. ಇನ್ನು ದೆಹಲಿಯತ್ತ ಬೆರಳು ತೋರುವಂತಿಲ್ಲ. ಬೀಗದಕೈ ನಮ್ಮ ಸರ್ಕಾರದ ಸೊಂಟದಲ್ಲೇ ಇದೆ!

ಆದ್ದರಿಂದ ನಮ್ಮ ಬೇಡಿಕೆ ಮೂರೇ:

1. ಅಲ್ಲಿ ಯಾವ ಸಮಾರಂಭ ನಡೆದರೂ ಮಹಲಿನ ಪೂರ್ತಿ ಚರಿತ್ರೆ ಮೊದಲು ಕನ್ನಡದಲ್ಲಿ ಕೇಳಿಸಲಿ. ಆಮೇಲೆ ಬೇಕಾದ ಭಾಷೆಯಲ್ಲಿ ಹೇಳಲಿ.

2. ಕಟ್ಟಿದವರಾರು, ದುಡ್ಡು ಯಾರದು ಎಂಬ ಕನ್ನಡ ಫಲಕ ಬಾಗಿಲಲ್ಲೇ ಇರಲಿ.

3. ವರ್ಷಕ್ಕೆ ಕೆಲವು ದಿನವಾದರೂ ಸರ್ಕಾರಿ ಶಾಲೆಯ ಮಕ್ಕಳು ಆ ಅಮೃತಶಿಲೆಯ ಮೆಟ್ಟಿಲನ್ನು ಬಿಟ್ಟಿಯಾಗಿ ಹತ್ತಲಿ.

ಇದು ಭಿಕ್ಷೆಯಲ್ಲ. ಬಾಡಿಗೆ ಕೊಟ್ಟವರು ಒಂದು ದಿನದ ಅತಿಥಿಗಳು. ಕಂದಾಯ ಕೊಟ್ಟವರ ಮೊಮ್ಮಕ್ಕಳು ನಾವು. ನಮ್ಮ ಮನೆಯ ಕಥೆಯನ್ನು ನಾವೇ ಹೇಳದಿದ್ದರೆ ಅತಿಥಿ ತನಗೆ ಬೇಕಾದ್ದನ್ನೇ ಹೇಳಿಕೊಂಡು ಹೋಗುತ್ತಾನೆ. ಆಗ ತಪ್ಪು ಅವನದಲ್ಲ, ಬಾಯಿ ಮುಚ್ಚಿ ಕೂತ ನಮ್ಮದು!