ಮರ್ರೇ ನದಿಯ ನೆರೆ

ಆಸ್ಟ್ರೇಲಿಯವೆಂದೊಡನೆ ನಮ್ಮ ವಾಚಕರ ಮನಸ್ಸಿಗೆ ಬರುವುದು ಸಮುದ್ರತೀರದ ದೊಡ್ಡ ಪಟ್ಟಣಗಳು, ಇಲ್ಲವೆ ಹೊಟ್ಟೆಯ ಚೀಲದಲ್ಲಿ ಮರಿಯನ್ನಿಟ್ಟುಕೊಂಡು ನೆಗೆಯುವ ಕಾಂಗರೂ. ಆ ಖಂಡದ ಅತ್ಯಂತ ಉದ್ದವಾದ ನದಿಯ ಸಂಗತಿಯನ್ನು ಬಲ್ಲವರು ವಿರಳ. ಮಕ್ಕಳೋ ಬಂಧುಗಳೋ ಮೆಲ್ಬೋರ್ನಿನಲ್ಲಿ ನೆಲಸಿರುವ ಕಾರಣ ಅಲ್ಲಿಗೆ ಹೋಗಿಬರುವ ಗೃಹಸ್ಥರು ನಮ್ಮಲ್ಲಿ ಈಗ ಉಂಟಷ್ಟೆ. ಅವರಿಗೆ ಉಪಯೋಗವಾದೀತೆಂದು ಮರ್ರೇ ನದಿಯ ವಿಚಾರವನ್ನು ಈ ತಿಂಗಳು ಎತ್ತಿಕೊಂಡಿರುವೆವು.

ಆಸ್ಟ್ರೇಲಿಯದ ಆಗ್ನೇಯ ಪರ್ವತಗಳಲ್ಲಿ ಹುಟ್ಟಿ, ವಿಕ್ಟೋರಿಯ ಮತ್ತು ನ್ಯೂ ಸೌತ್ ವೇಲ್ಸ್ ಸಂಸ್ಥಾನಗಳಿಗೆ ಬಹುದೂರ ಎಲ್ಲೆಯಾಗಿ ಹರಿದು, 2,508 ಕಿಲೋಮೀಟರು ನಡೆದು ಈ ನದಿಯು ದಕ್ಷಿಣ ಸಮುದ್ರವನ್ನು ಸೇರುವುದು. ಮರ್ರೇ ಎಂಬ ಹೆಸರು 1830ರಲ್ಲಿ ಚಾರ್ಲ್ಸ್ ಸ್ಟರ್ಟನು ಇಟ್ಟದ್ದು. ಅದಕ್ಕೆ ಎಷ್ಟೋ ಕಾಲ ಮುಂಚಿನಿಂದಲೂ ಅದರ ದಡದಲ್ಲಿ ಬಾಳಿದ ಯೋರ್ತಾ ಯೋರ್ತಾ ಜನರು ಅದನ್ನು ದುಂಗಲ ಎನ್ನುವರು.

ಮೆಲ್ಬೋರ್ನಿಗೆ ಉತ್ತರದಲ್ಲಿ ಸುಮಾರು 200 ಕಿಲೋಮೀಟರು ದೂರದಲ್ಲಿ, ನದಿಯ ದಡದ ಮೇಲೆ, ಎಚೂಕಾ ಎಂಬ ಊರಿರುವುದು. 1864ರಲ್ಲಿ ರೈಲು ಇಲ್ಲಿಗೆ ಬಂದ ಮೇಲೆ, ಒಳನಾಡಿನ ಉಣ್ಣೆಯನ್ನು ಹೊತ್ತ ಚಕ್ರದ ಹಬೆದೋಣಿಗಳು ಸಾಲುಗಟ್ಟಿ ಬರತೊಡಗಿದವು. ನದಿಯು ಏರಿ ಇಳಿಯುವುದಕ್ಕೆ ತಕ್ಕಂತೆ ಹಲವು ಅಂತಸ್ತುಗಳಾಗಿ ಮರದಿಂದ ಕಟ್ಟಿದ ಕಟ್ಟೆಯನ್ನು ಇಂದಿಗೂ ನೋಡಬಹುದು. 1866ರಲ್ಲಿ ಕಟ್ಟಿದ ‘ಅಡಿಲೇಡ್’ ಎಂಬ ದೋಣಿಯು ಇನ್ನೂ ನೀರಿನ ಮೇಲೆ ಉಂಟು. ಮಕ್ಕಳಿಗೆ ಇದಕ್ಕಿಂತ ಸಂತೋಷದ ಸ್ಥಳ ಬೇರೊಂದಿಲ್ಲ. ಆದರೆ ಬಹುಮಂದಿ ದೋಣಿಯನ್ನೇರಿ, ತಿಂಡಿ ತಿಂದು, ಇಷ್ಟಕ್ಕೇ ಹಿಂದಿರುಗುವರು. ಅವರು ಕಾಣತಕ್ಕ ಮುಖ್ಯ ವಸ್ತುವನ್ನು ಕಾಣಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಆ ಮುಖ್ಯ ವಸ್ತುವೇ ಸಮೀಪದ ಬಾರ್ಮಾ ಅರಣ್ಯ. ನದಿಯ ಆಚೆ ದಡದ ಮಿಲ್ಲೇವಾ ಅರಣ್ಯವೂ ಸೇರಿ ಸುಮಾರು 66,000 ಹೆಕ್ಟೇರಿನಷ್ಟು ವಿಸ್ತಾರವಾದ ಇದು ‘ರೆಡ್ ಗಮ್’ ಮರಗಳ ಕಾಡುಗಳಲ್ಲಿ ಲೋಕದಲ್ಲಿಯೇ ದೊಡ್ಡದು. ಈ ಮರವು ನಮ್ಮಲ್ಲಿ ನೀಲಗಿರಿ ಮರವೆಂದು ಬೆಳೆಸುವುದರ ದಾಯಾದಿ. ಒಳಗಿನ ಕಟ್ಟಿಗೆ ಕೆಂಪು. ಕೆಲವು ಹಳೆಯ ಮರಗಳ ಕಾಂಡದಲ್ಲಿ, ಯೋರ್ತಾ ಯೋರ್ತಾ ಜನರು ದೋಣಿ ಮಾಡುವುದಕ್ಕೆ ತೊಗಟೆಯನ್ನು ತೆಗೆದ ನೀಳವಾದ ಗಾಯವನ್ನು ಇಂದಿಗೂ ಕಾಣಬಹುದು. ಮುದಿಮರಗಳ ಪೊಟರೆಗಳಲ್ಲಿ ಹಳದಿ ಮುಖದ ಒಂದು ಅಪೂರ್ವ ಹಸುರು ಗಿಳಿ ಗೂಡುಮಾಡುವುದು. ಕೂಕಬರ್ರಾ ಎಂಬುದು ನಮ್ಮ ಮಿಂಚುಳ್ಳಿಯ ಕುಲದ ಹಕ್ಕಿಯಾದರೂ ಅದಕ್ಕೆ ಮೀನಿಗಿಂತ ಹಲ್ಲಿ, ಹಾವು, ಹುಳುಗಳ ಮೇಲೆಯೇ ಪ್ರೀತಿ. ಮದುವೆಮನೆಯಲ್ಲಿ ಒಬ್ಬರು ನಕ್ಕರೆ ಪಂಕ್ತಿಯೆಲ್ಲವೂ ನಗುವಂತೆ, ಒಂದು ಕೂಗಿದರೆ ಸುತ್ತಲಿನವೆಲ್ಲವೂ ಗಹಗಹಿಸುವುವು. ನೀರಿನೊಳಗೆ ಮರ್ರೇ ಕಾಡ್ ಎಂಬ ಮಹಾಮತ್ಸ್ಯ. ಒಂದು ಮೀಟರಿಗೂ ಮೀರಿ ಬೆಳೆಯುವ ಇದರ ಮೊಟ್ಟೆಗಳನ್ನು ಕಾಯುವವನು ತಂದೆ. ಮುಳುಗಿದ ಮರದ ದಿಮ್ಮಿಗಳೇ ಇದರ ಮನೆ. ಹಬೆದೋಣಿಗಳಿಗೆ ಅಡ್ಡಿಯೆಂದು ಹಿಂದೆ ಅವನ್ನು ಕಿತ್ತುಹಾಕಿದರು. ಈಗ ವೆಚ್ಚಮಾಡಿ ಮತ್ತೆ ನೀರಿಗೆ ಇಳಿಸುತ್ತಿರುವರು!

ಈ ಅರಣ್ಯಕ್ಕೆ ಪ್ರಾಣವೇ ನೆರೆ. ಚಳಿಗಾಲದ ಕೊನೆಯಲ್ಲಿಯೂ ವಸಂತದಲ್ಲಿಯೂ ನದಿಯು ಉಕ್ಕಿ ಮರಗಳ ಬುಡದಲ್ಲಿ ನಿಂತರೆ ಬೀಜ ಮೊಳೆಯುವುದು, ಹುಲ್ಲು ಚಿಗುರುವುದು, ಐಬಿಸ್ ಎಂಬ ಕೆಂಬರಲ ಜಾತಿಯ ಹಕ್ಕಿಗಳು ಗುಂಪುಗುಂಪಾಗಿ ಗೂಡುಕಟ್ಟುವುವು. ನೀರು ಥಟ್ಟನೆ ಇಳಿದುಹೋದರೆ ಆ ತಾಯಿತಂದೆಗಳು ಮೊಟ್ಟೆಮರಿಗಳನ್ನು ಅಲ್ಲಿಯೇ ಬಿಟ್ಟು ಹಾರಿಹೋಗುವುದುಂಟು. 1936ರಲ್ಲಿ ಮೇಲ್ಗಡೆ ಹ್ಯೂಮ್ ಅಣೆಕಟ್ಟು ಮುಗಿದಂದಿನಿಂದ ನದಿಯ ಋತುವೇ ತಲೆಕೆಳಗಾಯಿತು. ವಸಂತದ ನೀರನ್ನು ಹಿಡಿದಿಟ್ಟು, ಹೊಲತೋಟಗಳಿಗಾಗಿ ಬೇಸಗೆಯಲ್ಲಿ ಬಿಡುವರು. ಬೇಕಾದಾಗ ಕಾಡಿಗೆ ನೀರಿಲ್ಲ. ಒಣಗಬೇಕಾದಾಗ ತಗ್ಗುಗಳಲ್ಲಿ ನೀರು. ಆದುದರಿಂದ ಈಚಿನ ದಶಕಗಳಲ್ಲಿ ಕಾಡಿಗೂ ಒಂದು ಪಾಲನ್ನು ಎತ್ತಿಟ್ಟು, ಸಕಾಲದಲ್ಲಿ ಬಿಡುವ ಪದ್ಧತಿಯು ಬಂದಿದೆ. ಬೆಳೆಗಾರರಿಗೆ ಇದರಿಂದ ಅಸಮಾಧಾನ. ಹಣ್ಣಿನ ತೋಟವನ್ನು ನಂಬಿದ ಸಂಸಾರದ ಕಷ್ಟವೂ ಅಲ್ಪವಲ್ಲ.

ನೆರೆಯು ಕೇವಲ ವರವೂ ಅಲ್ಲ. 2022ರ ಅಕ್ಟೋಬರಿನಲ್ಲಿ ನದಿಯು ಮೇರೆಮೀರಿದಾಗ ಎಚೂಕಾದ ಜನರು ಊರಿನ ನಡುವೆಯೇ ಮಣ್ಣಿನ ಏರಿಯನ್ನು ಹಾಕಿದರು. ಕೆಲವರ ಮನೆಗಳು ಏರಿಯಿಂದಾಚೆ ನದಿಯ ಕಡೆಗೇ ಉಳಿದವು. ಬಹುಕಾಲ ನೆರೆ ಬಾರದಿದ್ದಲ್ಲಿ ಎಲೆಕಸವು ರಾಶಿಯಾಗಿ ಬೀಳುವುದಷ್ಟೆ. ಅದು ನೀರಿನಲ್ಲಿ ಕೊಳೆತು ಹೊಳೆಯು ಕಷಾಯದಂತೆ ಕಪ್ಪಾಗಿ, ಪ್ರಾಣವಾಯುವು ಕುಂದಿ, ಮೀನುಗಳು ಸಾಯುವುವು. ಮುಳ್ಳುಮೈಯ ದೊಡ್ಡ ಸಿಹಿನೀರಿನ ಸೀಗಡಿಗಳು ಉಸಿರಿಗಾಗಿ ದಡವನ್ನೇರಿ ಬರುವುವು. 2022ರಲ್ಲಿಯೂ ಹೀಗಾಯಿತು.

ಹೋಗತಕ್ಕವರಿಗೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ಅಂದರೆ ಅಲ್ಲಿಯ ವಸಂತವು, ಒಳ್ಳೆಯ ಕಾಲ. ನೀರು ನಿಂತಿದ್ದರೆ ಕಾಡಿನ ಮಣ್ಣುದಾರಿಗಳು ಮುಚ್ಚಿರುವುವು, ಮೊದಲೇ ವಿಚಾರಿಸಿಕೊಳ್ಳಬೇಕು. ಬಿಡಾರ ಹೂಡುವವರು ರೆಡ್ ಗಮ್ ಮರದ ನೆರಳು ತಂಪಾಗಿದೆಯೆಂದು ಅದರ ಕೆಳಗೆ ಮಲಗಕೂಡದು. ಗಾಳಿಯೇ ಇಲ್ಲದ ದಿನದಲ್ಲಿಯೂ ಅದು ದೊಡ್ಡ ಕೊಂಬೆಯನ್ನು ಸದ್ದಿಲ್ಲದೆ ಕಳಚಿ ಕೆಡಹುವುದುಂಟು.